ಮ್ಯಾನಿಫೋಲ್ಡ್ ಬಿರುಕಿಗೆ ಸಾದಾ ವೆಲ್ಡಿಂಗ್ ಹೊಡೆಸಬೇಡಿ

ಪುಣೆಯಲ್ಲಿ ಹಳೇ ಪೆಟ್ರೋಲ್ ಕಾರು ಓಡಿಸುವ ನಮ್ಮವರು ಇದನ್ನು ಒಮ್ಮೆ ಓದಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಸಾಗಿಸುವ ಭಾಗ) ಸೀಳಿದೆ, "ಬಿಚ್ಚೋದೇ ಬೇಡ, ಗಾಡಿ ಮೇಲೇ ವೆಲ್ಡಿಂಗ್ ಹೊಡೆದು ಕೊಡ್ತೀವಿ" ಅನ್ನುವ ಗ್ಯಾರೇಜ್ ಸಿಕ್ಕರೆ, ಕೀ ಇಸ್ಕೊಂಡು ವಾಪಸ್ ಬನ್ನಿ.

ನನ್ನ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಅನ್ನುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ಸದ್ದು ಕಮ್ಮಿ. ಚಿಂಚವಡದ ಒಂದು ಗ್ಯಾರೇಜಿನಲ್ಲಿ ಟ್ಯಾಪೆಟ್ (ಎಂಜಿನ್ ವಾಲ್ವ್ ಒತ್ತುವ ಭಾಗ) ಸದ್ದು ಅಂದರು, ಟ್ಯಾಪೆಟ್ ಸೆಟ್ಟಿಂಗ್ ಮಾಡಿ ದುಡ್ಡೂ ತಗೊಂಡರು. ಸದ್ದು ಹೋಗಲಿಲ್ಲ. ಮತ್ತೆ ಒಯ್ದಾಗ ಮ್ಯಾನಿಫೋಲ್ಡ್ ಮೇಲಿನ ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು) ತೆಗೆದು ನೋಡಿದರು. ಬಿರುಕಿನ ಉದ್ದಕ್ಕೂ ಕಾಡಿಗೆ ಎಳೆದ ಹಾಗೆ ಕಪ್ಪು ಮಸಿ. ಬಿಸಿಗೆ ಲೋಹ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ಅಡಗುತ್ತಿತ್ತು. ಇಷ್ಟು ಮೊದಲೇ ಗೊತ್ತಾಗಬೇಕಿತ್ತು ಅಲ್ವಾ, ದಿನಾ ಅದೇ ಕೆಲಸ ಮಾಡುವವರಿಗೆ? ಅರ್ಧ ಗಂಟೆಯಲ್ಲಿ ವೆಲ್ಡಿಂಗ್ ಮುಗಿಸಿದರು.

ಅದೇ ವಾರ ಬೆಳಗಾವಿಗೆ ಹೊರಟೆವು. ಕಾತ್ರಜ್ ದಾಟುವವರೆಗೂ ಸುಮ್ಮನಿತ್ತು. ಖಂಬಾಟಕಿ ಘಾಟ್ ಏರುವಾಗ ಫಟ್ ಫಟ್ ಅಂತ ಶುರುವಾಯಿತು. ಹಿಂದೆ ಕೂತಿದ್ದ ಅವ್ವ, "ತಲಿ ನೋಯಾಕತ್ತೇತಿ, ಹೊಗಿ ವಾಸನಿ ಬರ್ತೈತಿ ನೋಡ" ಅಂದಳು. ಎಸಿ ಬಂದ್ ಮಾಡಿ, ಗಾಡಿ ನಿಲ್ಲಿಸಿ, ಎಲ್ಲರನ್ನೂ ಕೆಳಗಿಳಿಸಿದೆ. ಇದನ್ನು ಹಗುರವಾಗಿ ತಗೋಬೇಡಿ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನಮಗೆ ಬಂದದ್ದು ಹೊಗೆಯಲ್ಲಿದ್ದ ಬೇರೆಯದರ ವಾಸನೆ. ಅದೂ ಬರದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಮೈಲೇಜ್ ಬಿದ್ದದ್ದೂ ಇದರಿಂದಲೇ. ಬಿರುಕಿನಿಂದ ಹೊರಗಿನ ಗಾಳಿ ಒಳಗೆ ನುಗ್ಗಿದರೆ ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಸೆನ್ಸರ್ ಪೆಟ್ರೋಲ್ ಸಾಲದು ಅಂದುಕೊಳ್ಳುತ್ತದೆ, ಎಂಜಿನ್ನಿಗೆ ಜಾಸ್ತಿ ಪೆಟ್ರೋಲ್ ಹೋಗುತ್ತದೆ.

ವಾಪಸ್ ಬಂದು ಭೋಸರಿಯ ಒಬ್ಬ ವೆಲ್ಡರ್ ಹತ್ತಿರ ಹೋದೆ. ವಿಜಯಪುರದ ಕಡೆಯವರು. ಮ್ಯಾನಿಫೋಲ್ಡ್ ಬಿಚ್ಚಿ, ವೈರ್ ಬ್ರಷ್ ಹೊಡೆದು, ಬೆರಳಿಟ್ಟು ತೋರಿಸಿದರು. ಹಳೇ ವೆಲ್ಡಿಂಗ್ ಹಾಗೇ ಇತ್ತು, ಅದರ ಪಕ್ಕದಲ್ಲೇ ಹೊಸ ಸೀಳು. "ಇದು ಬೀಡು ಐತ್ರಿ ಸಾಹೇಬ್ರ. ಸಾದಾ ರಾಡ್ ಹಚ್ಚಿದ್ರ ಬಾಜೂಕ ಸೀಳೇ ಸೀಳ್ತೈತಿ."

ಬೀಡು ಅಂದರೆ ಎರಕದ ಕಬ್ಬಿಣ, ಅದರಲ್ಲಿ ಶೇಕಡಾ 2ಕ್ಕಿಂತ ಹೆಚ್ಚು ಕಾರ್ಬನ್ ಇರುತ್ತದೆ. ಒಂದೇ ಕಡೆ ಕಾಯಿಸಿ ಬೇಗ ಆರಲು ಬಿಟ್ಟರೆ ವೆಲ್ಡಿಂಗಿನ ಅಂಚು ಗಾಜಿನ ಹಾಗೆ ಪೆಡಸಾಗುತ್ತದೆ. ಸರಿಯಾಗಿ ಮಾಡುವವರು ಇಡೀ ಮ್ಯಾನಿಫೋಲ್ಡ್ ಮೊದಲೇ ಕಾಯಿಸುತ್ತಾರೆ, ಬಿರುಕಿನ ಎರಡು ತುದಿಗೂ ಸಣ್ಣ ತೂತು ಕೊರೆಯುತ್ತಾರೆ, ನಿಕಲ್ ರಾಡ್‌ನಿಂದ ಸ್ವಲ್ಪ ಸ್ವಲ್ಪವೇ ಹಚ್ಚಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ, ಆಮೇಲೆ ಬೂದಿಯಲ್ಲೋ ಒಣ ಮರಳಲ್ಲೋ ಹೂತಿಟ್ಟು ನಿಧಾನವಾಗಿ ಆರಿಸುತ್ತಾರೆ. ಗಾಡಿ ಮೇಲೆ ಇದ್ಯಾವುದೂ ಆಗುವ ಮಾತಲ್ಲ. ಬ್ಯಾಟರಿ ವೈರ್ ಕೂಡ ತೆಗೆಯದೆ ವೆಲ್ಡಿಂಗ್ ಹೊಡೆದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸುಡುವ ಭಯ ಬೇರೆ. ನನ್ನದು ಬಚಾವಾಯಿತು, ಅಷ್ಟೇ.

ಭೋಸರಿಯ ವೆಲ್ಡರ್ ಫ್ಲಾಂಜ್ (ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂರುವ ಚಪ್ಪಟೆ ಅಂಚು) ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದರು. ನಡುವೆ ಬೆಳಕು ಕಾಣುತ್ತಿತ್ತು, ಅಂದರೆ ಬೆಂಡಾಗಿದೆ. "ಇದನ್ನ ರಿಪೇರಿ ಮಾಡೋದ್ರಾಗ ಅರ್ಥ ಇಲ್ರಿ" ಅಂದು ಒಂದು ಪೈಸೆಯನ್ನೂ ತಗೊಳ್ಳಲಿಲ್ಲ. ನಾನಾ ಪೇಠೆಯಲ್ಲಿ ಹೊಸ ಮ್ಯಾನಿಫೋಲ್ಡ್, ಗ್ಯಾಸ್ಕೆಟ್, ಸ್ಟಡ್, ನಟ್ ತಂದು ಬೇರೆ ಕಡೆ ಹಾಕಿಸಿದೆ. ಗ್ಯಾಸ್ಕೆಟ್ ಹಳೆಯದನ್ನೇ ಹಾಕಲು ಬಿಡಬೇಡಿ. ಹಳೇ ಸ್ಟಡ್ (ಮ್ಯಾನಿಫೋಲ್ಡ್ ಹಿಡಿದಿಡುವ ಬೋಲ್ಟ್) ಬಿಚ್ಚುವಾಗ ಒಂದು ಮುರಿದು ಎಂಜಿನ್ ಹೆಡ್‌ನಲ್ಲೇ ಉಳಿಯಿತು. ತುಕ್ಕು ಹಿಡಿದ ಸ್ಟಡ್ ಮುರಿಯುವುದು ಮಾಮೂಲು, ಅದನ್ನು ತೆಗೆಯುವ ಖರ್ಚು ಯಾರದ್ದು ಅಂತ ಮೊದಲೇ ಕೇಳಿಕೊಳ್ಳಿ.

ಮೊದಲಿನ ಗ್ಯಾರೇಜಿಗೆ ಹೋಗಿ ಸೀಳಿದ ಮ್ಯಾನಿಫೋಲ್ಡ್ ಟೇಬಲ್ ಮೇಲೆ ಇಟ್ಟೆ. "ಬೀಡಿನ ಕೆಲಸಕ್ಕೆ ಗ್ಯಾರಂಟಿ ಇಲ್ಲ ಸಾಹೇಬ್" ಅಂದರು. ಬಿಲ್ಲಿನಲ್ಲಿ ನೋಡಿದರೆ ಬರೀ "ಸೈಲೆನ್ಸರ್ ಕೆಲಸ" ಅಂತ ಇದೆ, ವೆಲ್ಡಿಂಗ್ ಅನ್ನುವ ಮಾತೇ ಇಲ್ಲ. ದುಡ್ಡು ಇನ್ನೂ ಬಂದಿಲ್ಲ. ನೀವು ಹೋದರೆ ಯಾವ ಭಾಗ, ಯಾವ ರಾಡ್, ಗ್ಯಾರಂಟಿ ಎಷ್ಟು ದಿನ ಅಂತ ಬಿಲ್ಲಿನಲ್ಲಿ ಬರೆಸಿಕೊಂಡೇ ದುಡ್ಡು ಕೊಡಿ.