ಬಟನ್ ಒತ್ತಿದರೆ ಬಿಸಿಯಾಗುವ ಕಾರು, ಮ್ಯಾಪ್ ಹಾಕಿದರೆ ಬಿಸಿಯಾಗುವ ಕಾರು: ಚಿಕ್ಕಮಗಳೂರಿನ ಚಳಿಯಲ್ಲಿ ಯಾವುದು ವಾಸಿ?

ನನ್ನದೂ ಭಾಮೈದನದೂ ಎಲೆಕ್ಟ್ರಿಕ್ ಕಾರು. ಚಳಿಯಲ್ಲಿ ಬೇಗ ಚಾರ್ಜ್ ಆಗಲು ಬ್ಯಾಟರಿ ಬಿಸಿ ಮಾಡಬೇಕು: ನನ್ನದರಲ್ಲಿ ಅದಕ್ಕೆ ಬಟನ್ ಇದೆ, ಅವನದರಲ್ಲಿ ಮ್ಯಾಪ್‌ನಲ್ಲಿ ದಾರಿ ಹಾಕಬೇಕು. ಮೊದಲೇ ಹೇಳಿಬಿಡುತ್ತೇನೆ, ನನಗೆ ನನ್ನ ಕಾರೇ ಇಷ್ಟ. ದುಡ್ಡು ಸುರಿದಿದ್ದಾರಲ್ಲ, ಇನ್ನೇನು ಹೇಳುತ್ತಾರೆ ಅಂತ ಭಾಮೈದ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಅವನ ಕಾರಿಗೆ ನನ್ನದಕ್ಕಿಂತ ಐದಾರು ಲಕ್ಷ ಜಾಸ್ತಿ. ಫಾಸ್ಟ್ ಚಾರ್ಜಿಂಗ್‌ನಲ್ಲಿ ಅದು 150 ಕಿಲೋವ್ಯಾಟ್‌ವರೆಗೂ ಎಳೆಯುತ್ತದಂತೆ, ನನ್ನದು 75 ದಾಟುವುದಿಲ್ಲ. ಆದರೂ ಜನವರಿಯ ಬೆಳಿಗ್ಗೆ ಚಿಕ್ಕಮಗಳೂರಿನ ಚಾರ್ಜರ್‌ನಿಂದ ಬೇಗ ಬಿಡುಗಡೆ ಆಗುವುದು ನನಗೆ. ಕಂಪನಿಗಳ ಹೆಸರು ಬರೆಯುವುದಿಲ್ಲ. ಸನ್‌ರೂಫ್, ಸ್ಕ್ರೀನ್, ಡಿಕ್ಕಿ ಎಷ್ಟು ದೊಡ್ಡದು, ಅದೆಲ್ಲ ಶೋರೂಮಿನವರೇ ಹೇಳುತ್ತಾರೆ.

ನಮ್ಮ ತೋಟ ಆಲ್ದೂರಿನಿಂದ ಸ್ವಲ್ಪ ಒಳಗೆ. ಕೊಯ್ಲಿನ ಸಮಯ ಇಬ್ಬರೂ ಅಲ್ಲೇ ಇರುತ್ತೇವೆ. ಮನೆಯಲ್ಲೇ ಚಾರ್ಜ್ ಹಾಕಬಹುದಲ್ಲ ಅಂದರೆ, ಅಲ್ಲಿರುವುದು ಒಂದೇ ಒಂದು 15 ಆಂಪ್ ಪ್ಲಗ್. ಕರೆಂಟ್ ಚೆನ್ನಾಗಿದ್ದರೆ ಗಂಟೆಗೆ ಮೂರು ಯೂನಿಟ್ ಹತ್ತುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರು ಶುರುವಾಯಿತೋ, ವೋಲ್ಟೇಜ್ ಬೀಳುತ್ತದೆ, ಕಾರು ತಾನಾಗೇ ಚಾರ್ಜಿಂಗ್ ನಿಲ್ಲಿಸುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿ ಎಷ್ಟಿತ್ತೋ ಅಷ್ಟೇ. ಹಾಗಾಗಿ ಹಾಸನಕ್ಕೋ ಬೆಂಗಳೂರಿಗೋ ಹೊರಟ ದಿನ ಚಿಕ್ಕಮಗಳೂರಿನ 60 ಕಿಲೋವ್ಯಾಟ್ ಚಾರ್ಜರ್ ಹತ್ತಿರ ನಿಲ್ಲಲೇಬೇಕು. ಹಿಂದಿನ ಸಂಜೆಯೇ ಹೋಗಿ ಹಾಕಿಸಿಕೊಂಡು ಬರೋಣ ಅಂದರೆ ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿಗೆ ಬಂದವರ ಕಾರುಗಳ ಸಾಲು. ಬೆಳಿಗ್ಗೆ ಆರಕ್ಕೆ ಮಾತ್ರ ಅಲ್ಲಿ ಸೆಕ್ಯೂರಿಟಿಯವರು ಬಿಟ್ಟರೆ ಇನ್ನೊಬ್ಬರಿಲ್ಲ.

ಈ 60 ಕಿಲೋವ್ಯಾಟ್ ಚಾರ್ಜರ್ ಮುಂದೆ ಭಾಮೈದನ 150 ಏನೂ ಮಾಡುವುದಿಲ್ಲ. ಕಾರು, ಚಾರ್ಜರ್, ಎರಡರಲ್ಲಿ ಯಾವುದು ಕಮ್ಮಿಯೋ ಅದೇ ಲೆಕ್ಕ. ಅದರಲ್ಲೂ ಆ 60 ಪೂರ್ತಿ ಸಿಗುವುದಿಲ್ಲ. ಕಾರಿಗೆ ಸಿಕ್ಕಿಸುವ ಚಾರ್ಜರ್‌ನ ಗನ್ನಿನಲ್ಲಿ ಬರುವುದು ಹೆಚ್ಚೆಂದರೆ 150 ಆಂಪ್ ಅಂತಿಟ್ಟುಕೊಳ್ಳಿ. ಬ್ಯಾಟರಿ 350 ವೋಲ್ಟ್ ಇದ್ದರೆ ಗುಣಿಸಿದಾಗ ಸಿಗುವುದು 52 ಕಿಲೋವ್ಯಾಟ್ ಚಿಲ್ಲರೆ, ಅಷ್ಟೇ. ಇಬ್ಬರಿಗೂ ಅಷ್ಟೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಚಳಿಯಿಂದ.

ನಮ್ಮದೇನು ಹಿಮ ಬೀಳುವ ಊರಲ್ಲ. ಜನವರಿಯ ಬೆಳಿಗ್ಗೆ ತೋಟದಲ್ಲಿ 12, 13 ಡಿಗ್ರಿ. ಇಷ್ಟಕ್ಕೆಲ್ಲ ಬ್ಯಾಟರಿ ಮುದುಡುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಮುದುಡುತ್ತದೆ. ಲಿಥಿಯಂ ಬ್ಯಾಟರಿ ಜೋರಾಗಿ ಚಾರ್ಜ್ ತೆಗೆದುಕೊಳ್ಳಬೇಕಾದರೆ ಒಳಗೆ 25, 30 ಡಿಗ್ರಿಯಾದರೂ ಇರಬೇಕು. ತಣ್ಣಗಿದ್ದಾಗ ಲಿಥಿಯಂ ಅಯಾನುಗಳು ಬ್ಯಾಟರಿಯಲ್ಲಿರುವ ಗ್ರಾಫೈಟ್ ಪದರದ ಒಳಗೆ ಇಳಿಯುವುದು ನಿಧಾನ. ಸುಮ್ನೆ ಜೋರಾಗಿ ನೂಕಿದರೆ ಒಳಗೆ ಜಾಗ ಸಿಗದೆ ಮೇಲೆಯೇ ಲೋಹವಾಗಿ ಕೂತುಬಿಡುತ್ತವೆ. ಹಾಗೆ ಕೂತದ್ದು ಪೂರ್ತಿ ವಾಪಸ್ ಕೆಲಸಕ್ಕೆ ಬರುವುದಿಲ್ಲ, ಬ್ಯಾಟರಿಯ ಶಕ್ತಿ ಕಾಯಂ ಆಗಿ ಕಮ್ಮಿಯಾಗುತ್ತದೆ. ಅದಕ್ಕೇ ಬ್ಯಾಟರಿ ನೋಡಿಕೊಳ್ಳುವ ಬಿಎಂಎಸ್ ಮೊದಲೇ ಕರೆಂಟ್ ಇಳಿಸಿಬಿಡುತ್ತದೆ. ಲಿಥಿಯಂ ಬ್ಯಾಟರಿಗಳಲ್ಲೇ ಒಂದು ಬಗೆಯಾದ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಗಳು ಚಳಿಯಲ್ಲಿ ಇನ್ನೂ ಸೋಮಾರಿ. ನಮ್ಮಿಬ್ಬರದೂ ಎಲ್‌ಎಫ್‌ಪಿಯೇ.

ಓಡಿಸಿದರೆ ಬಿಸಿಯಾಗುವುದಿಲ್ಲವಾ? ಆಗುತ್ತದೆ, ಆದರೆ ಹಂಡೆ ನೀರಿನ ಹಾಗೆ, ಕಾಯುವುದೂ ನಿಧಾನ ಆರುವುದೂ ನಿಧಾನ. ನೂರಾರು ಕಿಲೋ ತೂಕದ ಬ್ಯಾಟರಿ ರಾತ್ರಿಯೆಲ್ಲ ಚಳಿಯಲ್ಲಿ ನಿಂತಿರುತ್ತದೆ. ಆಲ್ದೂರಿನಿಂದ ಮಂಜಿನಲ್ಲಿ ಮೆಲ್ಲಗೆ ಇಪ್ಪತ್ತು ಕಿಲೋಮೀಟರ್ ಬಂದ ಮಾತ್ರಕ್ಕೆ ಅದು ಬಿಸಿಯಾಗುವುದಿಲ್ಲ.

ಇದು ಬಾಯಿಮಾತಲ್ಲ. ಸ್ಟೇರಿಂಗ್ ಕೆಳಗೆ, ಕಾರಿನೊಳಗಿನ ಮಾಹಿತಿ ಓದುವ ಒಂದು ಓಬಿಡಿ ಡಾಂಗಲ್ ಸಿಕ್ಕಿಸಿದ್ದೇನೆ, ಬ್ಯಾಟರಿಯ ಡಿಗ್ರಿ ಮೊಬೈಲ್‌ನಲ್ಲಿ ಕಾಣುತ್ತದೆ. ಬೇಕಂತಲೇ ಒಂದು ಬೆಳಿಗ್ಗೆ ಬ್ಯಾಟರಿ ಹೀಟಿಂಗ್ ಬಟನ್ ಒತ್ತದೆ ಹೊರಟೆ. ಕಣದ ಪಕ್ಕ ನಿಂತಿದ್ದ ಕಾರಿನ ಬ್ಯಾಟರಿ 15 ಡಿಗ್ರಿ. ಚಿಕ್ಕಮಗಳೂರು ಮುಟ್ಟಿದಾಗ 17. ಗನ್ ಹಾಕಿದರೆ ಚಾರ್ಜರ್ ಪರದೆಯಲ್ಲಿ 24 ಕಿಲೋವ್ಯಾಟ್. ಕಾಲು ಗಂಟೆಯಾದ ಮೇಲೂ 30ರ ಹತ್ತಿರವೇ ತೆವಳುತ್ತಿತ್ತು. ಇನ್ನೊಂದು ದಿನ ಅದೇ ಹೊತ್ತಿಗೆ, ಅದೇ ಗನ್ನಿಗೆ, ಮನೆ ಬಿಡುವಾಗಲೇ ಬಟನ್ ಒತ್ತಿ ಬಂದೆ. ಬ್ಯಾಟರಿ 28 ಡಿಗ್ರಿಗೆ ಬಂದಿತ್ತು. ಗನ್ ಹಾಕಿ, ಸೆಕ್ಯೂರಿಟಿ ಅಣ್ಣನ ಹತ್ತಿರ ಎರಡು ಮಾತಾಡುವಷ್ಟರಲ್ಲಿ 50 ದಾಟಿತು. ಅಲ್ಲಿಂದ ಇಳಿಯಲೇ ಇಲ್ಲ. ಅರ್ಧ ಗಂಟೆಗೆ 24 ಯೂನಿಟ್ ಹತ್ತಿತು. ಭಾಮೈದನ ದುಬಾರಿ ಕಾರು ಬಿಸಿಯಾಗದೆ ಬಂದ ದಿನ ಅದೇ ಅರ್ಧ ಗಂಟೆಯಲ್ಲಿ ತೆಗೆದುಕೊಂಡದ್ದು 15 ಯೂನಿಟ್.

ಹಾಗಂತ ಅವನ ಕಾರಿನಲ್ಲಿ ಬ್ಯಾಟರಿ ಬಿಸಿ ಮಾಡುವ ವ್ಯವಸ್ಥೆ ಇಲ್ಲ ಅಂತಲ್ಲ. ಇದೆ. ನನ್ನದಕ್ಕಿಂತ ಒಳ್ಳೆಯದೇ ಇದೆ. ಆದರೆ ಅದಕ್ಕೆ ಬಟನ್ ಇಲ್ಲ. ಕಾರಿನ ಸ್ವಂತ ಮ್ಯಾಪ್‌ನಲ್ಲಿ ಯಾವುದಾದರೂ ಫಾಸ್ಟ್ ಚಾರ್ಜರ್‌ಗೆ ದಾರಿ ಹಾಕಿದರೆ, ಇನ್ನು ಅರ್ಧ ಗಂಟೆಯಲ್ಲಿ ಅಲ್ಲಿಗೆ ತಲುಪುತ್ತೇವೆ ಅನ್ನುವಾಗ ಅದು ತಾನಾಗೇ ಬಿಸಿ ಮಾಡಲು ಶುರು ಮಾಡುತ್ತದೆ. ಕೇಳಲು ಎಷ್ಟು ಜಾಣತನ ಅನ್ನಿಸುತ್ತದೆ ಅಲ್ವಾ?

ನಾವು ದಿನಾ ನಿಲ್ಲುವ ಆ ಚಿಕ್ಕಮಗಳೂರಿನ ಚಾರ್ಜರ್ ಅದರ ಮ್ಯಾಪ್‌ನಲ್ಲಿ ಇಲ್ಲ. ಹಾಸನದ್ದು ಇದೆ. ಹಾಸನಕ್ಕೆ ದಾರಿ ಹಾಕಿದರೆ ಬೇಲೂರು ಕಳೆದ ಮೇಲೆ ಬಿಸಿ ಶುರು, ಅಷ್ಟರಲ್ಲಿ ನಾವು ಚಾರ್ಜ್ ಮುಗಿಸಿ ಬಂದಿರುತ್ತೇವೆ. ಹುಡುಕಿದಾಗ ಚಿಕ್ಕಮಗಳೂರಿನದೇ ಇನ್ನೊಂದು ಚಾರ್ಜರ್ ಸಿಕ್ಕಿತು, ಕೆಟ್ಟು ಎಷ್ಟೋ ಕಾಲವಾಗಿದೆ. ಆದರೆ ಕಾರಿಗೆ ಅದು ಗೊತ್ತಿಲ್ಲವಲ್ಲ, ಅದಕ್ಕೇ ದಾರಿ ಹಾಕಿ ಕಾರನ್ನು ಏಮಾರಿಸೋಣ ಅಂದುಕೊಂಡೆವು. ಏಮಾರಿತು ಕೂಡ. ಆದರೆ ತೋಟದಲ್ಲಿ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇಲ್ಲದೆ ಚಾರ್ಜರ್‌ಗಳ ಪಟ್ಟಿ ತೆರೆಯುವುದಿಲ್ಲ. ಆಲ್ದೂರು ಪೇಟೆಗೆ ಬಂದು, ರಸ್ತೆ ಬದಿ ನಿಲ್ಲಿಸಿ, ಎರಡು ಕಡ್ಡಿ ಸಿಗ್ನಲ್ ಬರುವವರೆಗೆ ಕಾದು, ಆಮೇಲೆ ದಾರಿ ಹಾಕಬೇಕು.

ಇಷ್ಟೆಲ್ಲ ಮಾಡಿ ಹೊರಟರೂ ಒಂದು ದಿನ ಬ್ಯಾಟರಿ ಬಿಸಿಯಾಗಲೇ ಇಲ್ಲ. ಯಾಕೆ ಅಂತ ತಲೆ ಕೆಡಿಸಿಕೊಂಡೆವು. ಭಾಮೈದ ಹಾಡು ಕೇಳಲು ಮೊಬೈಲ್ ಸಿಕ್ಕಿಸಿದ್ದ. ಹಾಗೇ ಮೊಬೈಲ್‌ನ ಮ್ಯಾಪ್ ಕೂಡ ತೆರೆದುಕೊಂಡಿತು. ಅದು ಬಂದ ಕೂಡಲೇ ಕಾರಿನ ಸ್ವಂತ ಮ್ಯಾಪ್ ಮುಚ್ಚಿಕೊಳ್ಳುತ್ತದೆ, ಅದರ ಜೊತೆ ಹೀಟರೂ ಬಂದ್. ಪರದೆಯಲ್ಲಿ ಒಂದು ಸಾಲು ಸೂಚನೆಯೂ ಇಲ್ಲ. ಇನ್ನೊಂದು ಸಲ ಚಾರ್ಜ್ 20 ಪರ್ಸೆಂಟ್‌ಗಿಂತ ಕೆಳಗಿತ್ತು, ಅಷ್ಟು ಕಮ್ಮಿ ಇದ್ದರೆ ಬಿಸಿ ಮಾಡುವುದಿಲ್ಲವಂತೆ. ಚಾರ್ಜರ್ ಹುಡುಕುವುದೇ ಚಾರ್ಜ್ ಕಮ್ಮಿಯಾದಾಗ ತಾನೇ! ಗನ್ ಹಿಡಿದುಕೊಂಡು ನಿಂತ ಭಾಮೈದ ಕೇಳಿದ: "ಎಂತ ಭಾವ ಇದು, ಚಾರ್ಜರ್ ಎಲ್ಲಿದೆ ಅಂತ ನಂಗೆ ಗೊತ್ತು, ಕಾರಿಗೆ ಗೊತ್ತಿಲ್ಲ ಅಂತ ನಾನು ಚಳಿಯಲ್ಲಿ ಕಾಯ್ಬೇಕಾ?"

ಸರ್ವಿಸ್ ಸೆಂಟರ್‌ನಲ್ಲಿ ಕೇಳಿದ್ದಕ್ಕೆ, ಮುಂದಿನ ಅಪ್‌ಡೇಟ್‌ನಲ್ಲಿ ಬರಬಹುದು ಸರ್ ಅಂದರು. ಇನ್ನೂ ಬಂದಿಲ್ಲ. ಆದರೆ ಅದು ಬಂದ ದಿನ ಈ ಹೋಲಿಕೆಯ ಅರ್ಧ ತಲೆಕೆಳಗಾಗುತ್ತದೆ, ಅದೂ ನಿಜ.

ನನ್ನ ಬಟನ್ ಕೂಡ ಮೂರು ಮೆನು ಒಳಗೆ ಅಡಗಿದೆ, ಕಾರು ಆಫ್ ಮಾಡಿದರೆ ಪ್ರತಿ ಸಲ ಹೊಸದಾಗಿ ಒತ್ತಬೇಕು.

ಖರ್ಚು? ಹೀಟರ್ 4 ಕಿಲೋವ್ಯಾಟ್ ಎಳೆಯುತ್ತದೆ ಅಂದರೆ ಅರ್ಧ ಗಂಟೆಗೆ ಎರಡು ಯೂನಿಟ್. ಹನ್ನೆರಡು, ಹದಿಮೂರು ಕಿಲೋಮೀಟರ್ ಓಡುವಷ್ಟು. ಫಾಸ್ಟ್ ಚಾರ್ಜರ್ ರೇಟಿನಲ್ಲಿ ನಲವತ್ತು ರೂಪಾಯಿ ಆಸುಪಾಸು. ಚಾರ್ಜರ್ ಹತ್ತಿರ ಉಳಿಯುವ ಇಪ್ಪತ್ತು ನಿಮಿಷಕ್ಕೆ ನಾನು ಅದನ್ನು ಖುಷಿಯಿಂದ ಕೊಡುತ್ತೇನೆ.

ಈಗ ಬೇಸಿಗೆಗೆ ಬನ್ನಿ. ಇಲ್ಲಿ ಭಾಮೈದನ ಕಾರು ಗೆದ್ದಿತು, ಒಪ್ಪಿಕೊಳ್ಳಲೇಬೇಕು. ಏಪ್ರಿಲ್‌ನಲ್ಲಿ ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ದಾಟಿ ಹಾಸನಕ್ಕೆ ಬಂದಾಗ ಬ್ಯಾಟರಿ 40 ಡಿಗ್ರಿಗಿಂತ ಮೇಲಿರುತ್ತದೆ. ಆಗ ಬೇಕಾದ್ದು ತಂಪು. ಜೋರಾಗಿ ಚಾರ್ಜ್ ಮಾಡುವಾಗ ಬ್ಯಾಟರಿ ಮತ್ತಷ್ಟು ಬಿಸಿಯಾಗುತ್ತದೆ ಬೇರೆ. ನನ್ನ ಕಾರಿನ ಫ್ಯಾನ್ ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿತು, ಆದರೂ ಸ್ವಲ್ಪ ಹೊತ್ತು 40 ಕಿಲೋವ್ಯಾಟ್‌ಗೆ ಇಳಿಯಿತು. ಅವನದು ಸದ್ದಿಲ್ಲದೆ 50ರ ಮೇಲೇ ನಿಂತಿತ್ತು. ಘಟ್ಟ ಇಳಿದು ಹತ್ತುವುದೇ ಕೆಲಸವಾದವರಿಗೆ ಅದೇ ಸರಿ.

ಬೆಂಗಳೂರು ಹೆದ್ದಾರಿಯ 120 ಕಿಲೋವ್ಯಾಟ್ ಚಾರ್ಜರ್‌ನಲ್ಲೂ ಅವನೇ ಮುಂದೆ. ಆದರೆ ಪಕ್ಕದ ಗನ್ನಿಗೆ ಯಾರಾದರೂ ಬಂದರೆ 120 ಇಬ್ಬರಿಗೂ ಹಂಚಿ ಹೋಗುತ್ತದೆ. ಆಮೇಲೆ ನನ್ನದೂ ಅವನದೂ ಒಂದೇ ಕಥೆ. 80 ಪರ್ಸೆಂಟ್ ದಾಟಿದ ಮೇಲೆ ಇಬ್ಬರೂ ನಿಧಾನ, ಅಲ್ಲಿ ಕೂತು 100 ಮಾಡಿಕೊಳ್ಳಬೇಡಿ.

ಹಾಸನ ಪಟ್ಟಣದಲ್ಲೇ ಮನೆ, ಮನೆಯಲ್ಲಿ 7.2 ಕಿಲೋವ್ಯಾಟ್ ಚಾರ್ಜರ್ ಇದೆ ಅನ್ನುವವರು ಈ ಗೋಜಿಗೇ ಹೋಗಬೇಡಿ. ಅಗ್ಗದ ಕಾರು ತಗೊಳ್ಳಿ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗುವವರು, ಬಜೆಟ್ ಇದ್ದರೆ, ಭಾಮೈದನಂಥ ಕಾರು ನೋಡಿ. ನನ್ನ ಓಡಾಟ ತೋಟ, ಚಿಕ್ಕಮಗಳೂರು, ಹಾಸನ. ಸಿಗುವ ಚಾರ್ಜರ್ 60 ಕಿಲೋವ್ಯಾಟಿನದು, ಹೊರಡುವುದು ನಸುಕಿನಲ್ಲಿ. ಆ ಐದಾರು ಲಕ್ಷ ನನಗೆ ಇನ್ನೊಂದು ವರ್ಷದ ಕೊಯ್ಲಿನ ಕೂಲಿಗೆ ಬೇಕು.

ಶೋರೂಮಿಗೆ ಹೋದಾಗ 10ರಿಂದ 80 ಪರ್ಸೆಂಟ್‌ಗೆ ಎಷ್ಟು ನಿಮಿಷ ಅಂತ ಅವರೇ ತೋರಿಸುತ್ತಾರೆ. ಅದು ಅವರ ಅಳತೆಯ ಚಾರ್ಜರ್, ಅವರ ಅಳತೆಯ ಬಿಸಿಯಲ್ಲಿ ಬಂದ ಲೆಕ್ಕ. ನೀವು ಬ್ಯಾಟರಿ ಹೀಟಿಂಗ್ ಕೈಯಲ್ಲಿ ಆನ್ ಮಾಡಲು ಬರುತ್ತದಾ ಅಂತ ಕೇಳಿ. ಬರುತ್ತದೆ ಅಂದರೆ, ಮೊಬೈಲ್ ಸಿಕ್ಕಿಸಿಟ್ಟುಕೊಂಡೇ ಅಲ್ಲೇ ಮಾಡಿ ತೋರಿಸಲು ಹೇಳಿ.