ಲಗ್ಗೆರೆಯ ಗುಂಪು ಸಾಲ ಶಾಖೆ: ಬಡ್ಡಿಗಿಂತ ಸಾಲದ ಮೊತ್ತ ನೋಡಿ

ಬೆಂಗಳೂರಿನ ಲಗ್ಗೆರೆ, ರಾಜಗೋಪಾಲನಗರದ ಮಹಿಳೆಯರಿಗೆ ಗುಂಪು ಸಾಲ (ಒಬ್ಬರ ಕಂತಿಗೆ ಗುಂಪಿನವರೆಲ್ಲ ಹೊಣೆಯಾಗುವ ಸಾಲ) ಕೊಡುವ ಒಂದು ಕಿರುಸಾಲ ಸಂಸ್ಥೆಯ ಶಾಖೆಯಿಂದ ನಾನು ಹೊಲಿಗೆ ಯಂತ್ರಕ್ಕೂ ಬಟ್ಟೆ ಖರೀದಿಗೂ ಸಾಲ ಪಡೆದಿದ್ದೇನೆ. ಸಂಸ್ಥೆಯ ಹೆಸರು ಇಲ್ಲಿ ಬರೆಯುವುದಿಲ್ಲ.

ಬಡ್ಡಿ ಹೆಚ್ಚೆಂಬ ದೂರು ನಮ್ಮ ಸಂಘದಲ್ಲೂ ಇದೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಅಡವಿಡಲು ಏನೂ ಇಲ್ಲದವರನ್ನು ನಂಬಿ, ಬೀದಿ ಬೀದಿಗೆ ಬಂದು ಸಣ್ಣ ಕಂತುಗಳನ್ನು ಕಟ್ಟಿಸಿಕೊಳ್ಳುವ ಸಿಬ್ಬಂದಿಯ ಸಂಬಳ, ಸಂಸ್ಥೆಯೇ ಬ್ಯಾಂಕುಗಳಿಂದ ತಂದ ಹಣದ ಬಡ್ಡಿ, ವಸೂಲಾಗದ ಸಾಲದ ನಷ್ಟ, ಇವೆಲ್ಲವೂ ಆ ಬಡ್ಡಿಯಿಂದಲೇ ಹುಟ್ಟಬೇಕು. ಮೀಟರ್ ಬಡ್ಡಿಯವರ ಬಳಿ ಇಲ್ಲದ ಲಿಖಿತ ಲೆಕ್ಕವೂ ಇಲ್ಲಿದೆ: ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಬಡ್ಡಿ, ಸಂಸ್ಕರಣಾ ಶುಲ್ಕ, ವಿಮೆ ಎಲ್ಲವನ್ನೂ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದುಕೊಟ್ಟರು. ಬಾಯಿಮಾತಿನ 'ಶೇ 12 ನೇರ ಬಡ್ಡಿ'ಯನ್ನು, ಅಂದರೆ ಅಸಲು ತೀರುತ್ತಾ ಬಂದರೂ ಕೊನೆಯವರೆಗೆ ಮೊದಲಿನ ಪೂರ್ತಿ ಮೊತ್ತದ ಮೇಲೆಯೇ ಹಾಕುವ ಬಡ್ಡಿಯನ್ನು, ನಂಬುವವರು ಗಮನಿಸಬೇಕು. 12 ಮಾಸಿಕ ಕಂತುಗಳ ಸಾಲದಲ್ಲಿ ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇ 21 ದಾಟುತ್ತದೆ.

ಶಾಖೆ ಎಡವುವುದು ಎರಡನೆಯ ಸಾಲದಲ್ಲಿ. 20,000 ರೂಪಾಯಿಯ ಸಾಲಕ್ಕೂ 80,000 ರೂಪಾಯಿಯ ಸಾಲಕ್ಕೂ ಸಿಬ್ಬಂದಿಯ ಓಡಾಟ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಖರ್ಚು ಸರಿದೂಗಿಸಲು ದೊಡ್ಡ ಸಾಲವೇ ಅನುಕೂಲ. ಮೊದಲ ಸಾಲ ತೀರುತ್ತಿದ್ದಂತೆ, ನಾನು ಕೇಳದಿದ್ದರೂ, ಅದರ ದುಪ್ಪಟ್ಟು ಕೊಡುವುದಾಗಿ ಒತ್ತಾಯಿಸಿದರು. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂಬ ನಿಯಮವಿದ್ದರೂ, ಮನೆ ಬಾಡಿಗೆ ಎಷ್ಟು, ಬೇರೆ ಸಂಘದ ಕಂತು ಇದೆಯೇ ಎಂದು ಯಾರೂ ಕೇಳಲಿಲ್ಲ. ಆದಾಯವನ್ನು ಅಂದಾಜಿನಲ್ಲಿ ಬರೆದುಕೊಂಡರು. ಅದೇ ವೇಳೆ ಹೂ ಮಾರುವ ಸದಸ್ಯೆಯೊಬ್ಬರು ಸಣ್ಣ ಮೊತ್ತ ಕೇಳಿದರೆ 'ಅಷ್ಟು ಕಡಿಮೆ ಕೊಡುವುದಿಲ್ಲ' ಎಂದರು. ಈ ಸೇವೆ ಹುಟ್ಟಿದ್ದೇ ಅಂಥವರಿಗಾಗಿ. ಅವರನ್ನು ಬಿಟ್ಟು, ಈಗಾಗಲೇ ಸಾಲವಿದ್ದವರ ಮೇಲೆ ಇನ್ನಷ್ಟು ಹೊರಿಸುವುದು ನನಗೆ ಸಹಿಸಲಾಗದ ಸಂಗತಿ.

ಒಬ್ಬರ ಕಂತು ತಪ್ಪಿದರೆ, ಹಣ ಹೊಂದಿಸುವವರೆಗೆ ಉಳಿದವರು ಸೆಂಟರ್ ಮೀಟಿಂಗ್‌ನಿಂದ (ಕಂತು ಕಟ್ಟಲು ಎಲ್ಲರೂ ಸೇರುವ ಸಭೆಯಿಂದ) ಏಳುವಂತಿರಲಿಲ್ಲ. ಸಾಲ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದ ಬಳಿಕ ಇದು ತಗ್ಗಿದೆ. ಆದರೆ ಕಂತು ಹೊರಲಾರದವರಿಗೆ ಸಾಲ ಕೊಡುವುದನ್ನು ನಿಲ್ಲಿಸದೆ ವಸೂಲಿಯ ಮಾತನ್ನು ಮಾತ್ರ ಮೃದುಗೊಳಿಸಿದರೆ ಸಾಲದು. 2010ರಲ್ಲಿ ಆಂಧ್ರಪ್ರದೇಶದಲ್ಲಿ ಮಿತಿಮೀರಿದ ಸಾಲ ಮತ್ತು ಬಲವಂತದ ವಸೂಲಿಯಿಂದ ಬಡವರು ನೊಂದರು. ಮರುಪಾವತಿ ಕುಸಿದು ಸಂಸ್ಥೆಗಳೂ ಮುಗ್ಗರಿಸಿದವು. ಸಂಸ್ಥೆಯ ಲಾಭವನ್ನೂ ಸಾಲಗಾರರ ಸಾಮರ್ಥ್ಯವೇ ಕಾಯುತ್ತದೆಂಬುದನ್ನು ಶಾಖೆಯ ಮೇಲಧಿಕಾರಿಗಳು ಸಿಬ್ಬಂದಿಯ ಗುರಿ ನಿಗದಿಮಾಡುವಾಗಲೇ ನೆನೆಯಬೇಕು.

ದುಡಿಮೆಯ ಸಾಧನ ಕೊಳ್ಳಲು ಮೊದಲ ಸಾಲಕ್ಕಾಗಿ ಈ ಶಾಖೆಗೆ ಧೈರ್ಯವಾಗಿ ಹೋಗಬಹುದು. ಅಗತ್ಯವಿರುವಷ್ಟೇ ಮೊತ್ತ ಬರೆಸಿ, ಹಾಳೆಯನ್ನು ಮನೆಯಲ್ಲಿ ಓದಿದ ಮೇಲೆ ಸಹಿ ಹಾಕಿ. ಕೈಯಲ್ಲಿ ಹಣ ಕೂಡಿದರೆ ಅವಧಿಗೆ ಮೊದಲೇ ತೀರಿಸಿ. ಅದಕ್ಕೆ ದಂಡ ಹಾಕುವಂತಿಲ್ಲ.