ಅಬಿಜಾನ್‌ನಲ್ಲಿ ಕಂಪನಿ: ಎಸ್‌ಎಆರ್‌ಎಲ್‌ಗಿಂತ ಎಸ್‌ಎಎಸ್ ಯಾಕೆ ಮೇಲು

ಎಸ್‌ಎಆರ್‌ಎಲ್, ಎಸ್‌ಎಎಸ್ ಅಂದರೆ ಇಲ್ಲಿನ ಎರಡು ಬಗೆಯ ಕಂಪನಿಗಳು. ಮೊದಲನೆಯದು ಹೆಚ್ಚುಕಡಿಮೆ ನಮ್ಮ ಪ್ರೈವೇಟ್ ಲಿಮಿಟೆಡ್‌ನಂಥದ್ದು, ಎರಡನೆಯದರಲ್ಲಿ ಹೆಚ್ಚಿನ ನಿಯಮಗಳನ್ನು ಪಾಲುದಾರರೇ ಬರೆದುಕೊಳ್ಳುತ್ತಾರೆ. ಎರಡನ್ನೂ ಮಾಡಿ ನೋಡಿದ್ದೇನೆ, ಎರಡೂ ಗೇರುಬೀಜದ ವ್ಯಾಪಾರಕ್ಕೇ. ಅಬಿಜಾನ್ ಇರುವ ಐವರಿ ಕೋಸ್ಟ್‌ನ ಬೀಜ ಮಂಗಳೂರು ಕಡೆಯ ಕಾರ್ಖಾನೆಗಳಿಗೂ ಹೋಗುತ್ತದಲ್ವಾ, ಹಾಗಾಗಿ ಊರಿನವರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಪಾಲುದಾರರಿದ್ದರೆ ಎಸ್‌ಎಎಸ್ ಮಾಡಿ ಅಂತಲೇ ಹೇಳುತ್ತೇನೆ.

ಇಲ್ಲಿ ನಡೆಯುವುದು ಒಹಾಡಾ ಕಾನೂನು, ಅಂದರೆ ಆಫ್ರಿಕಾದ ಹಲವು ದೇಶಗಳು ಸೇರಿ ಮಾಡಿಕೊಂಡ ವ್ಯಾಪಾರ ಕಾನೂನು. 17 ದೇಶಗಳಿಗೆ ಕಂಪನಿ ಕಾಯ್ದೆ ಒಂದೇ. ಎಸ್‌ಎಎಸ್ ಅದಕ್ಕೆ ಸೇರಿದ್ದು 2014ರಲ್ಲಿ. ನಮ್ಮ ಮೊದಲ ಕಂಪನಿಗೆ ಎಲ್ಲರೂ ಮಾಡುವಂತೆ ಎಸ್‌ಎಆರ್‌ಎಲ್ ಮಾಡಿದೆವು. ಸಿದ್ಧ ನಮೂನೆಯ ಬೈಲಾಕ್ಕೆ ಸುಮ್ನೆ ಸಹಿ ಹಾಕಿದೆವು.

ತೊಂದರೆ ಶುರುವಾಗಿದ್ದು ಮಾರುವಾಗ. ನನ್ನದು ನೂರಕ್ಕೆ 40 ಪಾಲು, ಇನ್ನಿಬ್ಬರದು 40 ಮತ್ತು 20. ಕೊಳ್ಳುವವರು ಗೋದಾಮಿಗೆ ಬಂದು, ಗೋಣಿಯಿಂದ ಬೀಜ ತೆಗೆದು ಕತ್ತರಿಸಿ, ತಿರುಳು ಅಂಗೈಯಲ್ಲಿ ಹರಡಿ ನೋಡಿ ಒಪ್ಪಿದರು. ಬೆಲೆಯೂ ಕುದುರಿತು. ಆದರೆ ಬೈಲಾದಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ಹೊರಗಿನವರಿಗೆ ಪಾಲು ಮಾರಲು ಉಳಿದ ಪಾಲುದಾರರಲ್ಲಿ ಹೆಚ್ಚಿನವರು ಒಪ್ಪಬೇಕು. ಮಾರುವವನ ಪಾಲು ಕಳೆದು ಉಳಿದದ್ದರಲ್ಲಿ ಮುಕ್ಕಾಲು ಭಾಗ ಅವರ ಕೈಯಲ್ಲಿರಬೇಕು. ಉಳಿದದ್ದು 60, ಅದರ ಮುಕ್ಕಾಲು 45. ಅಂದರೆ 20 ಪಾಲಿನವರ ಸಹಿ ಬೇಕೇ ಬೇಕು.

ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನೋಟಿಸ್ ಕೊಟ್ಟ ಮೇಲೆ ಮೂರು ತಿಂಗಳು ಉತ್ತರ ಬರದಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಕೇಳಲು ಸುಲಭ. ನಾನು ನೋಟಿಸ್ ಕೊಟ್ಟಿದ್ದು ಫೆಬ್ರವರಿಯಲ್ಲಿ, ಬೀಜದ ಸೀಸನ್ ಶುರುವಾಗುವ ಹೊತ್ತಿಗೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಸೀಸನ್‌ನ ಒಳ್ಳೆಯ ದಿನಗಳೆಲ್ಲ ಹೋಗಿದ್ದವು, ಕೊಳ್ಳುವವರೂ ಬೇರೆ ಕಡೆ ದುಡ್ಡು ಹಾಕಿದ್ದರು. ಆ ಬೇಸರ ಇನ್ನೂ ಹೋಗಿಲ್ಲ.

ಎರಡನೇ ಸಲ ಎಸ್‌ಎಎಸ್. ಇದರಲ್ಲಿ ಕಾನೂನು ಹೆಚ್ಚಿನದನ್ನು ಬೈಲಾಕ್ಕೇ ಬಿಡುತ್ತದೆ, ಹಾಗಾಗಿ ಕೂತು ಮಾತಾಡದೆ ಬೇರೆ ದಾರಿಯಿಲ್ಲ. ಯಾರಾದರೂ ಷೇರು ಮಾರುವುದಾದರೆ ಉಳಿದವರಿಗೆ 15 ದಿನ ಮೊದಲ ಹಕ್ಕು, ಆಮೇಲೆ ಯಾರಿಗಾದರೂ ಕೊಡಬಹುದು ಎಂದು ಬರೆದುಕೊಂಡೆವು. ಹೋದ ವರ್ಷ ಒಬ್ಬರು ಹೊರಬಂದರು, ಒಂದು ತಿಂಗಳೊಳಗೆ ಎಲ್ಲ ಮುಗಿಯಿತು.

ಬಂಡವಾಳದ ವಿಷಯದಲ್ಲಿ ಇಲ್ಲಿ ಎರಡೂ ಒಂದೇ, ಮೊತ್ತ ನಾವೇ ನಿಗದಿ ಮಾಡಬಹುದು. ಎಸ್‌ಎಆರ್‌ಎಲ್‌ಗೆ ಮನುಷ್ಯರೇ ಮ್ಯಾನೇಜರ್ ಆಗಬೇಕು, ಎಸ್‌ಎಎಸ್‌ಗೆ ಊರಿನ ನಿಮ್ಮ ಕಂಪನಿಯೇ ಅಧ್ಯಕ್ಷ ಆಗಬಹುದು. ಆದರೆ ಎಸ್‌ಎಎಸ್‌ನ ಬೈಲಾ ಬರೆಯಲು ಒಳ್ಳೆಯ ವಕೀಲರು ಬೇಕು, ಖರ್ಚು ಜಾಸ್ತಿ.

ಗಂಡ ಹೆಂಡತಿ ಸೇರಿ ಅಂಗಡಿ ಇಡುವುದಾದರೆ, ಕೈಯಲ್ಲಿ ದುಡ್ಡೂ ಕಡಿಮೆ ಇದ್ದರೆ, ಎಸ್‌ಎಆರ್‌ಎಲ್ ಸಾಕು. ಮಾರುವ ಷರತ್ತು ಮಾತ್ರ ಬೈಲಾದಲ್ಲಿ ಬರೆಸಿಕೊಳ್ಳಿ. ನಾನು ನಾಲ್ಕೈದು ವರ್ಷ ವ್ಯಾಪಾರ ಬೆಳೆಸಿ ಬಿಟ್ಟುಕೊಡುವವನು. ವಕೀಲರ ಫೀಸನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ ಎಸ್‌ಎಎಸ್ಸೇ ಮಾಡುತ್ತೇನೆ.